ಬಟ್ಟೆಯ ಗೋಡೆಯ ಬಾಹ್ಯಾಕಾಶ ಮನೆ

ಈ ಮಾಲಿಕೆಗೆ ಬರುವ ಪತ್ರಗಳಲ್ಲಿ ಒಂದು ಆತಂಕ ಮತ್ತೆ ಮತ್ತೆ ತಲೆಯೆತ್ತುತ್ತದೆ. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಆಕ್ಸಿಯಮ್ ಎಂಬ ಖಾಸಗಿ ಕಂಪನಿಯ ಯಾನದಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದ ಮೇಲಂತೂ ಅದು ಇನ್ನೂ ಜಾಸ್ತಿಯಾಗಿದೆ. ಇನ್ನು ಮುಂದೆ ಖಾಸಗಿಯವರು ನಿಲ್ದಾಣಗಳನ್ನೇ ಕಟ್ಟುತ್ತಾರಂತೆ, ಅದರಲ್ಲಿ ಕೆಲವು ಬಟ್ಟೆಯವಂತೆ, ಮಡಿಸಿ ರಾಕೆಟ್ಟಿನಲ್ಲಿಟ್ಟು ಮೇಲೆ ಹೋದ ಮೇಲೆ ಗಾಳಿ ತುಂಬಿ ಉಬ್ಬಿಸುತ್ತಾರಂತೆ. ಒಂದು ಚೂರು ಕಲ್ಲು ತಾಗಿದರೆ ಬಲೂನಿನ ಹಾಗೆ ಢಬ್ ಎನ್ನುವುದಿಲ್ಲವೇ?

ಎನ್ನುವುದಿಲ್ಲ. ಇದನ್ನು ಹಿಂದೆಯೂ ಹೇಳಿದ್ದೇನೆ, ಇವತ್ತು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮನುಷ್ಯ ಮೊಟ್ಟಮೊದಲು ಬಾಹ್ಯಾಕಾಶಕ್ಕೆ ಕಾಲು ಚಾಚಿದ್ದೇ ಗಾಳಿ ತುಂಬಿದ ಬಟ್ಟೆಯ ಕೋಣೆಯಿಂದ. 1965ರ ಮಾರ್ಚ್ 18ರಂದು ಅಲೆಕ್ಸಿ ಲಿಯೊನೊವ್ ವಸ್ಖೋದ್-2 ನೌಕೆಯಿಂದ ಹೊರಬಂದದ್ದು ಅಂಥ ಒಂದು ಉಬ್ಬುವ ಕೋಣೆಯ ಮೂಲಕ. ಅವರು ತೊಟ್ಟಿದ್ದ ಪೋಷಾಕೂ ಗಾಳಿ ತುಂಬಿದ ಬಟ್ಟೆಯೇ. ಈಗಲೂ ನಿಲ್ದಾಣದ ಹೊರಗೆ ರಿಪೇರಿಗೆ ಹೋಗುವವರೆಲ್ಲ ಬಟ್ಟೆಯನ್ನೇ ನಂಬಿ ಹೋಗುತ್ತಾರೆ. ಆ ಬಗ್ಗೆ ಮಾತ್ರ ಯಾರೂ ಪತ್ರ ಬರೆಯುವುದಿಲ್ಲ!

ಬಲೂನನ್ನು ಬಿಡಿ, ನಿಮ್ಮ ಸೈಕಲ್ಲಿನ ಚಕ್ರವನ್ನು ನೆನೆಸಿಕೊಳ್ಳಿ. ಒಳಗೆ ಟ್ಯೂಬು, ಹೊರಗೆ ಟೈರು. ಗಾಳಿ ಸೋರದಂತೆ ಹಿಡಿಯುವುದು ಟ್ಯೂಬಿನ ಕೆಲಸ. ಒತ್ತಡ ಹೊರುವುದು ಟೈರಿನ ಕೆಲಸ. ಟ್ಯೂಬನ್ನು ಹೊರತೆಗೆದು ಬರಿದೇ ಗಾಳಿ ಹೊಡೆದರೆ ಅದು ಎಲ್ಲೆಲ್ಲೋ ಬುರುಬುರು ಊದಿಕೊಂಡು ಒಡೆದೇ ಹೋಗುತ್ತದೆ. ಟೈರಿನೊಳಗಿದ್ದಾಗ ಅದೇ ಟ್ಯೂಬು ಇಡೀ ಸಂಸಾರವನ್ನು ಹೊರುತ್ತದೆ. ಬಲೂನಿನಲ್ಲಿ ಈ ಎರಡೂ ಕೆಲಸ ಒಂದೇ ರಬ್ಬರಿನ ಹಾಳೆಯ ತಲೆಗೆ ಬಿದ್ದಿರುತ್ತವೆ. ಅದೂ ಹಿಗ್ಗಿ ಹಿಗ್ಗಿ ಬಿಗಿದ ರಬ್ಬರು. ಸೂಜಿ ತಾಗಿದಲ್ಲಿ ಶುರುವಾದ ಬಿರುಕಿಗೆ ಆ ಬಿಗಿತವೇ ಶಕ್ತಿ ಕೊಡುತ್ತದೆ, ಬಿರುಕು ಓಡುತ್ತದೆ, ಢಬ್!

ಬಾಹ್ಯಾಕಾಶದ ಬಟ್ಟೆ ಮನೆಯಲ್ಲಿಯೂ ಈ ಎರಡು ಕೆಲಸ ಬೇರೆ ಬೇರೆ. ಒಳಗಿನ ಪದರು ಗಾಳಿ ಹಿಡಿಯುವ ಚೀಲ. ಅದನ್ನು ಬೇಕೆಂದೇ ಅಗತ್ಯಕ್ಕಿಂತ ದೊಡ್ಡದಾಗಿ ಮಾಡಿರುತ್ತಾರೆ, ಎಳೆತವೇ ಅದರ ಮೇಲೆ ಬೀಳಬಾರದು ಎಂದು. ಅದರ ಹೊರಗೆ ಒತ್ತಡ ಹೊರುವ ಪದರು: ವೆಕ್ಟ್ರಾನ್ ಎಂಬ ನೂಲಿನ ಬಲವಾದ ಪಟ್ಟಿಗಳು, ಅಡ್ಡ ಉದ್ದ ಹೆಣೆದವು. 1997ರಲ್ಲಿ ಮಾರ್ಸ್ ಪಾತ್‌ಫೈಂಡರ್ ಮಂಗಳನ ನೆಲದ ಮೇಲೆ ಪುಟಿದು ಪುಟಿದು ನಿಂತಿತಲ್ಲ, ಅದರ ಗಾಳಿಚೀಲಗಳೂ ಇದೇ ನೂಲಿನವು. ಒಂದು ಪಟ್ಟಿ ಕತ್ತರಿಸಿಹೋಯಿತು ಎನ್ನಿ. ಅದರ ಭಾರವನ್ನು ಅಕ್ಕಪಕ್ಕದ ಪಟ್ಟಿಗಳು ಹಂಚಿಕೊಳ್ಳುತ್ತವೆ. ಹರುಕು ಪಕ್ಕದ ಪಟ್ಟಿಯ ಅಂಚಿಗೆ ಬಂದು ನಿಲ್ಲುತ್ತದೆ. ಓಡುವುದಕ್ಕೆ ಅದಕ್ಕೆ ದಾರಿಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ, ಒಳಗೆ ಭಯಂಕರ ಒತ್ತಡ ಇರುತ್ತದೆ ಎನ್ನುವುದು. ಪೆಟ್ರೋಲ್ ಬಂಕಿನಲ್ಲಿ ಕಾರಿನ ಟೈರಿಗೆ ಮೂವತ್ತೆರಡು ಹಾಕಿ ಎನ್ನುತ್ತೀರಲ್ಲ, ಆ ಪಿಎಸ್‌ಐ ಲೆಕ್ಕದಲ್ಲಿ ನಿಲ್ದಾಣದೊಳಗಿನ ಗಾಳಿ ಬರೀ 14.7. ನಿಮ್ಮ ಟೈರಿನ ಅರ್ಧಕ್ಕಿಂತ ಕಡಿಮೆ. ಹೊರಗೆ ನಿರ್ವಾತ, ಒಳಗೆ ನಾವು ಇಲ್ಲಿ ಉಸಿರಾಡುವಷ್ಟೇ ಒತ್ತಡ. ವ್ಯತ್ಯಾಸ ಅಷ್ಟೇ.

ಹಾಗಾದರೆ ಕಷ್ಟ ಎಲ್ಲಿದೆ? ಗಾತ್ರದಲ್ಲಿ. ಗೋಡೆಯ ಮೇಲಿನ ಎಳೆತ ಒತ್ತಡದ ಜೊತೆಗೆ ತ್ರಿಜ್ಯಕ್ಕೂ ತಕ್ಕ ಹಾಗೆ ಏರುತ್ತದೆ. ಸಿಯೆರಾ ಸ್ಪೇಸ್ ಎಂಬ ಅಮೆರಿಕದ ಕಂಪನಿ ಲೈಫ್ ಎಂಬ ಹೆಸರಿನಲ್ಲಿ ಮಾಡುತ್ತಿರುವ ಮಾಡ್ಯೂಲಿನ ಅಡ್ಡಗಲ ಸುಮಾರು 8.2 ಮೀಟರ್. ಲೆಕ್ಕ ಹಾಕಿದರೆ ಒಂದು ಗೇಣು ಅಗಲದ ಬಟ್ಟೆಯ ಮೇಲೆ ಸುಮಾರು 9 ಟನ್ ಎಳೆತ ಬರುತ್ತದೆ. ಹಗಲೂ ರಾತ್ರಿ, ವರ್ಷಗಟ್ಟಲೆ. ಈ ಕೊನೆಯ ಎರಡು ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಬಟ್ಟೆಗೆ ನಾಸಾ ಕೇಳುವುದು ಲೋಹಕ್ಕಿಂತ ಕಠಿಣ ಪರೀಕ್ಷೆ. ಕೆಲಸದ ಗರಿಷ್ಠ ಒತ್ತಡದ ನಾಲ್ಕು ಪಟ್ಟು ತಡೆಯಬೇಕು. ಸಿಯೆರಾದವರು 2023ರ ಡಿಸೆಂಬರ್‌ನಲ್ಲಿ ಅಲಬಾಮಾದ ಮಾರ್ಷಲ್ ಕೇಂದ್ರದಲ್ಲಿ ಪೂರ್ಣ ಗಾತ್ರದ ಮಾದರಿಯನ್ನು ಒಡೆಯುವವರೆಗೂ ಊದಿದರು. ಬೇಕಾಗಿದ್ದುದು 60.8 ಪಿಎಸ್‌ಐ, ಒಡೆದದ್ದು 77ರಲ್ಲಿ. 2024ರಲ್ಲಿ ಎರಡನೆಯದು 74ರಲ್ಲಿ ಒಡೆಯಿತು. ಪರೀಕ್ಷೆಯ ಮಾದರಿಯಲ್ಲಿ ಕಿಟಕಿ ಬರುವ ಜಾಗಕ್ಕೆ ಲೋಹದ ಫಲಕವನ್ನೂ ಕೂರಿಸಿದ್ದರು. ಬಟ್ಟೆಯ ನಡುವೆ ಗಟ್ಟಿ ಫಲಕ ಕೂರಿಸುವುದು ಸುಲಭವಲ್ಲ, ಆದ್ದರಿಂದ ಆ ಫಲಿತಾಂಶ ನನಗೆ ಹೆಚ್ಚು ಮೆಚ್ಚುಗೆಯಾಯಿತು.

ಕಲ್ಲಿನ ಹೊಡೆತದ ಮಾತು ಬಾಕಿ ಇದೆ. ಆ ಎತ್ತರದಲ್ಲಿ ಚೂರುಗಳು ಬರುವುದು ಸೆಕೆಂಡಿಗೆ ಸುಮಾರು 10 ಕಿಲೋಮೀಟರ್ ವೇಗದಲ್ಲಿ. ಆ ವೇಗಕ್ಕೆ ದಪ್ಪ ಗೋಡೆ ಪರಿಹಾರವಲ್ಲ, ಪದರು ಮತ್ತು ನಡುವಿನ ಖಾಲಿ ಜಾಗ ಪರಿಹಾರ. 1940ರ ದಶಕದಲ್ಲಿಯೇ ಫ್ರೆಡ್ ವಿಪಲ್ ಎಂಬ ಖಗೋಳ ವಿಜ್ಞಾನಿ ಹೇಳಿದ ಉಪಾಯ ಇದು. ಮೊದಲ ತೆಳು ಪದರಿಗೆ ಬಡಿದ ಕೂಡಲೇ ಚೂರು ತಾನೇ ಪುಡಿಯಾಗುತ್ತದೆ, ಖಾಲಿ ಜಾಗದಲ್ಲಿ ಆ ಪುಡಿ ಹರಡಿಕೊಳ್ಳುತ್ತದೆ, ಹಿಂದಿನ ಪದರುಗಳು ಹರಡಿದ್ದನ್ನು ಹಿಡಿಯುತ್ತವೆ. ಬಟ್ಟೆ ಮನೆಯಲ್ಲಿ ಸೆರಾಮಿಕ್ ಬಟ್ಟೆಯ ಪದರುಗಳ ನಡುವೆ ಫೋಮ್ ಇಡುತ್ತಾರೆ. ರಾಕೆಟ್ಟಿನಲ್ಲಿ ಅದು ಅಮುಕಿಕೊಂಡಿರುತ್ತದೆ, ಮೇಲೆ ಹೋದ ಮೇಲೆ ಅರಳಿ ಪದರುಗಳನ್ನು ದೂರ ತಳ್ಳುತ್ತದೆ. ಲೋಹದ ಮಾಡ್ಯೂಲಿಗೆ ಇಷ್ಟು ಅಗಲದ ಕವಚ ಹಾಕಲು ರಾಕೆಟ್ಟಿನ ಮೂತಿಯಲ್ಲಿ ಜಾಗವೇ ಇರುವುದಿಲ್ಲ.

ತೂತು ಬಿದ್ದೇ ಬಿಟ್ಟರೆ? 2018ರ ಆಗಸ್ಟ್‌ನಲ್ಲಿ ನಿಲ್ದಾಣಕ್ಕೆ ಅಂಟಿಕೊಂಡಿದ್ದ ಸೊಯೂಜ್ ನೌಕೆಯಲ್ಲಿ ಸುಮಾರು 2 ಮಿಲಿಮೀಟರ್ ತೂತು ಸಿಕ್ಕಿತು. ಲೋಹದ ಗೋಡೆಯಲ್ಲಿ, ಗಮನಿಸಿ. ನೆಲದಲ್ಲಿದ್ದವರಿಗೆ ರಾತ್ರಿಯೇ ಒತ್ತಡ ಇಳಿಯುವುದು ಗೊತ್ತಾಯಿತು. ಮಲಗಿದ್ದವರನ್ನು ಎಬ್ಬಿಸಲೂ ಇಲ್ಲ. ಬೆಳಗ್ಗೆ ಎದ್ದು ಹುಡುಕಿ ಮುಚ್ಚಿದರು. ಗಾಳಿ ಸೋರುವುದಕ್ಕೂ ಸಮಯ ಬೇಕು. ಸಿನಿಮಾದವರು ತೋರಿಸುವ ಹಾಗೆ ಮನುಷ್ಯರು ತೂತಿನಲ್ಲಿ ಎಳೆದುಕೊಂಡು ಹೋಗುವುದು ಸಿನಿಮಾದಲ್ಲಿ ಮಾತ್ರ.

ಇದೆಲ್ಲ ಕಾಗದದ ಮೇಲಿನ ಮಾತಲ್ಲ. 2016ರ ಏಪ್ರಿಲ್‌ನಲ್ಲಿ ಬೀಮ್ ಎಂಬ ಪುಟ್ಟ ಬಟ್ಟೆ ಕೋಣೆ ನಿಲ್ದಾಣಕ್ಕೆ ಸೇರಿತು. 16 ಘನ ಮೀಟರ್, ಒಂದು ಸಣ್ಣ ಮಲಗುವ ಕೋಣೆಯಷ್ಟು. ಮೇ 26ರಂದು ಉಬ್ಬಿಸಲು ಹೋದರೆ ಉಬ್ಬಲಿಲ್ಲ. ಅಂದುಕೊಂಡದ್ದಕ್ಕಿಂತ ಬಹಳ ಕಾಲ ಮಡಿಸಿಟ್ಟಿದ್ದರಿಂದ ಪದರುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಎರಡು ದಿನ ಬಿಟ್ಟು ಜೆಫ್ ವಿಲಿಯಮ್ಸ್ ಸ್ವಲ್ಪ ಸ್ವಲ್ಪ ಗಾಳಿ ಬಿಡುತ್ತಾ ಏಳು ಗಂಟೆಗೂ ಹೆಚ್ಚು ಕಾಲ ಕೂತು ಅದನ್ನು ಅರಳಿಸಿದರು. ಎರಡು ವರ್ಷಕ್ಕೆಂದು ಕಳಿಸಿದ್ದನ್ನು ಆಮೇಲೆ ಸಾಮಾನು ಇಡುವ ಉಗ್ರಾಣ ಮಾಡಿಕೊಂಡರು.

ಈಗ ನಾನು ನೆನಪಿಟ್ಟುಕೊಳ್ಳಿ ಎಂದಿದ್ದ ಮಾತು: ಹಗಲೂ ರಾತ್ರಿ, ವರ್ಷಗಟ್ಟಲೆ. ನನ್ನ ದೃಷ್ಟಿಯಲ್ಲಿ ಬಟ್ಟೆ ಮನೆಯ ನಿಜವಾದ ಸವಾಲು ಇದು. ಕಲ್ಲಲ್ಲ, ಢಬ್ ಅಲ್ಲ. ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಸ್ತುವಿಜ್ಞಾನ ಪಾಠ ಮಾಡುತ್ತಿದ್ದಾಗ ಪ್ರಯೋಗಶಾಲೆಯ ತೊಲೆಗೆ ನೈಲಾನ್ ಹಗ್ಗ ಕಟ್ಟಿ ತೂಕ ತೂಗುಹಾಕಿಸುತ್ತಿದ್ದೆ. ಹುಡುಗರು ಮೊದಲ ದಿನ ಅಳೆದು, ಸರ್, ಗಟ್ಟಿ ಇದೆ ಎನ್ನುತ್ತಿದ್ದರು. ವಾರ ಕಳೆದರೆ ಹಗ್ಗ ಕೂದಲೆಳೆಯಷ್ಟು ಉದ್ದವಾಗಿರುತ್ತಿತ್ತು. ಮುಂದಿನ ವಾರ ಇನ್ನೊಂದು ಕೂದಲೆಳೆ. ಯಾರೂ ಮುಟ್ಟಿಲ್ಲ, ತೂಕ ಸೇರಿಸಿಲ್ಲ. ಒಂದು ದಿನ ಬೆಳಗ್ಗೆ ಬಾಗಿಲು ತೆಗೆದರೆ ತೂಕದ ಬಿಲ್ಲೆಗಳು ನೆಲದ ಮೇಲೆ. ಮೊದಲ ದಿನ ಸಲೀಸಾಗಿ ಹೊತ್ತ ಭಾರವನ್ನೇ ಹಗ್ಗ ಕೊನೆಗೆ ಹೊರಲಿಲ್ಲ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ.

ವೆಕ್ಟ್ರಾನ್ ನೈಲಾನಿನಷ್ಟು ಬೇಗ ಸೋಲುವುದಿಲ್ಲ. ಕ್ರೀಪ್ ಬಹಳ ಕಡಿಮೆ ಎಂದೇ ಅದನ್ನು ಆರಿಸಿದ್ದಾರೆ. ಆದರೆ ಸೊನ್ನೆ ಅಲ್ಲ. ಊದಿ ಒಡೆಯುವ ಪರೀಕ್ಷೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ, ವಿಡಿಯೊ ಚೆನ್ನಾಗಿ ಬರುತ್ತದೆ, ಪತ್ರಿಕೆಗಳಲ್ಲಿ ಬರುತ್ತದೆ. ಹದಿನೈದು ವರ್ಷ ಬಾಳುತ್ತದೆಯೇ ಎಂಬುದಕ್ಕೆ ಒಂದು ಮಧ್ಯಾಹ್ನದಲ್ಲಿ ಉತ್ತರ ಸಿಗುವುದಿಲ್ಲ. ನಾಸಾದ ಲ್ಯಾಂಗ್ಲೀ ಕೇಂದ್ರದವರು ಪಟ್ಟಿಗಳಿಗೆ ಭಾರ ತೂಗುಹಾಕಿ ದೀರ್ಘಕಾಲ ಅಳೆದಿದ್ದಾರೆ. ಹೆಚ್ಚು ಭಾರ ಹಾಕಿ ಬೇಗ ಹರಿಯುವಂತೆ ಮಾಡಿ, ಅದರಿಂದ ಕಡಿಮೆ ಭಾರದ ಆಯಸ್ಸನ್ನು ಊಹಿಸುತ್ತಾರೆ. ಊಹೆ ಒಳ್ಳೆಯದೇ, ಆದರೂ ಊಹೆಯೇ. ಬೀಮ್ ಇಷ್ಟು ವರ್ಷ ನಿಂತಿದೆಯಲ್ಲ ಎನ್ನುವವರಿಗೆ ಹೇಳುತ್ತೇನೆ: ಅದರ ಅಡ್ಡಗಲ 3.2 ಮೀಟರ್. ಅಡ್ಡಗಲ ಎರಡೂವರೆ ಪಟ್ಟು ಆದರೆ ಎಳೆತವೂ ಎರಡೂವರೆ ಪಟ್ಟು, ಪಟ್ಟಿಗಳೂ ಹೊಲಿಗೆಯ ಜೋಡಣೆಗಳೂ ಬೇರೆಯವು. ಚಿಕ್ಕದು ಬಾಳಿದ್ದು ದೊಡ್ಡದಕ್ಕೆ ಪ್ರಮಾಣಪತ್ರ ಆಗುವುದಿಲ್ಲ.

ಸಮಯ ನೋಡಿದರೆ ವ್ಯಾಪಾರದ ಕಡೆ ಹೇಳಲು ಸ್ವಲ್ಪವೇ ಉಳಿದಿದೆ. ಈ ವಿದ್ಯೆ ಮೂಲತಃ ನಾಸಾದ್ದು, 1990ರ ದಶಕದ ಟ್ರಾನ್ಸ್‌ಹ್ಯಾಬ್ ಯೋಜನೆ. ಅಮೆರಿಕದ ಸಂಸತ್ತು ಅದನ್ನು ನಿಲ್ಲಿಸಿತು. ಲಾಸ್ ವೇಗಸ್‌ನ ಹೋಟೆಲ್ ಉದ್ಯಮಿ ರಾಬರ್ಟ್ ಬಿಗಲೊ ಅದರ ಹಕ್ಕು ಪಡೆದು, 2006 ಮತ್ತು 2007ರಲ್ಲಿ ರಷ್ಯಾದ ರಾಕೆಟ್ಟಿನಲ್ಲಿ ಜೆನೆಸಿಸ್ ಎಂಬ ಎರಡು ಪ್ರಯೋಗ ಮಾದರಿಗಳನ್ನು ಹಾರಿಸಿದರು. ಬೀಮ್ ಕೂಡ ಅವರದೇ. 330 ಘನ ಮೀಟರಿನ ದೊಡ್ಡದಕ್ಕೆ ತಯಾರಿ ಮಾಡಿಕೊಂಡು ಕೂತರು. ಜನರನ್ನು ಮೇಲೆ ಕರೆದೊಯ್ಯುವ ಖಾಸಗಿ ವಾಹನ ಮಾತ್ರ ಬರಲಿಲ್ಲ. 2020ರ ಮಾರ್ಚ್‌ನಲ್ಲಿ ಎಲ್ಲ ನೌಕರರನ್ನೂ ಮನೆಗೆ ಕಳಿಸಿದರು. ಅದೇ ವರ್ಷ ಮೇ 30ರಂದು ಸ್ಪೇಸ್‌ಎಕ್ಸ್ ಇಬ್ಬರನ್ನು ಕೂರಿಸಿಕೊಂಡು ಹಾರಿತು! ಬಟ್ಟೆ ಸೋಲಲಿಲ್ಲ, ಬಾಡಿಗೆದಾರರು ಬರುವ ಮೊದಲೇ ಮನೆ ಮಾಲೀಕ ಬಾಗಿಲು ಹಾಕಿದ.

ಬಟ್ಟೆಗೆ ವ್ಯಾಪಾರದ ದಾರಿ ಸುಲಭವಲ್ಲ ಎನ್ನುವುದಕ್ಕೆ ಇನ್ನೊಂದು ಸೂಚನೆ ಸ್ಟಾರ್‌ಲ್ಯಾಬ್ ಎಂಬ ಖಾಸಗಿ ನಿಲ್ದಾಣದ ಯೋಜನೆ. 2021ರಲ್ಲಿ ಅದನ್ನು ಘೋಷಿಸಿದಾಗ ಅದರಲ್ಲಿ ಉಬ್ಬುವ ಮಾಡ್ಯೂಲ್ ಇತ್ತು. ಆಮೇಲೆ ಏರ್‌ಬಸ್ ಜೊತೆ ಸೇರಿ ಗಟ್ಟಿ ಲೋಹಕ್ಕೆ ಹೊರಳಿದರು, ಸ್ಪೇಸ್‌ಎಕ್ಸ್‌ನ ದೊಡ್ಡ ರಾಕೆಟ್ ಸ್ಟಾರ್‌ಶಿಪ್‌ನಲ್ಲಿ ಒಮ್ಮೆಗೇ ಎತ್ತುವ ಲೆಕ್ಕದಲ್ಲಿ. ಕಾರಣ ಸರಳ. ಲೋಹದ ಮಾಡ್ಯೂಲಿನೊಳಗೆ ಕಪಾಟು, ಪೈಪು, ತಂತಿ, ಶೌಚಾಲಯ ಎಲ್ಲವನ್ನೂ ನೆಲದಲ್ಲಿಯೇ ಜೋಡಿಸಿ ಪರೀಕ್ಷಿಸಿ ಕಳಿಸಬಹುದು. ಮಡಿಸಿದ ಬಟ್ಟೆಯ ಗೋಡೆಗೆ ಏನನ್ನು ಜೋಡಿಸುತ್ತೀರಿ? ಉಬ್ಬಿದ ಮೇಲೆ ಸಿಗುವುದು ಖಾಲಿ ಹಜಾರ, ಒಳಗಿನ ಬಡಗಿ ಕೆಲಸಕ್ಕೆ ಗಗನಯಾತ್ರಿಯ ದುಬಾರಿ ಗಂಟೆಗಳು. 9 ಮೀಟರ್ ಅಗಲದ ರಾಕೆಟ್ ಕೈಯಲ್ಲಿದ್ದವರಿಗೆ ಮಡಿಸುವ ಅಗತ್ಯವೇ ಕಮ್ಮಿ.

ಆದ್ದರಿಂದ ಅಂತರಿಕ್ಷ ಹೋಟೆಲಿಗೆ ಮುಂಗಡ ಬುಕಿಂಗ್ ಎಂದು ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಹೊಸ ಮಾಡ್ಯೂಲಿನ ಸುದ್ದಿ ಓದಿದಾಗ ಎಷ್ಟರಲ್ಲಿ ಒಡೆಯಿತು ಎನ್ನುವುದಕ್ಕಿಂತ ಎಷ್ಟು ಕಾಲ ಭಾರ ಹೊತ್ತಿತು, ಬಾಡಿಗೆ ಯಾರು ಕೊಡುತ್ತಾರೆ ಎಂದು ಹುಡುಕಿ. ಈಗಿನ ನಿಲ್ದಾಣವನ್ನು 2030ರ ನಂತರ ಕೆಳಗಿಳಿಸುವ ಯೋಜನೆ ಇದೆ. ಅದರ ಜಾಗ ತುಂಬುವವರಲ್ಲಿ ಆಕ್ಸಿಯಮ್‌ನವರದು ಲೋಹ. ಬಟ್ಟೆ ಮೊದಲು ಬರುವುದು ಅಂಥದ್ದೊಂದು ಲೋಹದ ನಿಲ್ದಾಣದ ಪಕ್ಕಕ್ಕೆ ಉಗ್ರಾಣವಾಗಿ ಎಂದು ನನ್ನ ಅಂದಾಜು. ಜನ ಅದರಲ್ಲಿ ವಾಸಕ್ಕೆ ಹೋಗುವುದು ಆಮೇಲಿನ ಮಾತು.

ಭಾರತದ ವಿಷಯ ಕೇಳಿದವರಿಗೂ ಒಂದು ಮಾತು. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಮಾಡ್ಯೂಲ್ 2028ಕ್ಕೆ, ಪೂರ್ತಿ ನಿಲ್ದಾಣ 2035ಕ್ಕೆ ಎಂದಿದೆ. ನಮ್ಮ ಎಲ್‌ವಿಎಂ-3 ರಾಕೆಟ್ಟಿನ ಮೂತಿ 5 ಮೀಟರ್ ಅಗಲ. ದೊಡ್ಡ ಮೂತಿ ಇರುವ ಅಮೆರಿಕದವರಿಗಿಂತ ಮಡಿಸಿ ಒಯ್ಯುವ ಮನೆಯ ಲಾಭ ಹೆಚ್ಚು ಸಿಗುವುದು ಇಂಥ ರಾಕೆಟ್ ಇರುವವರಿಗೆ. ಜವಳಿ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಯಾರಾದರೂ ಕೇಳುತ್ತಿದ್ದರೆ, ಒಂದು ಪಟ್ಟಿಗೆ ಇವತ್ತೇ ತೂಕ ಕಟ್ಟಿ ಅಳೆಯಲು ಶುರುಮಾಡಿ. ಆ ಲೆಕ್ಕಕ್ಕೆ ವರ್ಷಗಳು ಬೇಕು.