ಬಿದ್ದ ಮರದ ನಿಂಬೆ ಹಳದಿ ಅಣಬೆ

ಗಾಳಿಮಳೆಗೆ ಕಾಡಿನ ಮರಗಳು ಉರುಳಿಬಿದ್ದರೆ ಏನು ಮಾಡಬೇಕು? ಕೊಯ್ದು ಸಾಗಿಸಿ ಜಾಗ ಚೊಕ್ಕಟ ಮಾಡಬೇಕು ಎನ್ನುವವರೇ ಹೆಚ್ಚು. 1983ರ ಬೇಸಿಗೆಯಲ್ಲಿ ಜರ್ಮನಿಯ ಬವೇರಿಯನ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಬಿರುಗಾಳಿ ಬೀಸಿ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಮಲಗಿದವು. ಆಗ ಬವೇರಿಯ ರಾಜ್ಯದ ಅರಣ್ಯ ಮಂತ್ರಿಯಾಗಿದ್ದ ಹಾನ್ಸ್ ಐಸೆನ್‌ಮನ್, ಅವನ್ನು ಬಿದ್ದಲ್ಲೇ ಬಿಡಬೇಕೆಂದು ನಿರ್ಧರಿಸಿದರು. ಮಕ್ಕಳಿಗೂ ಮೊಮ್ಮಕ್ಕಳಿಗೂ ಮನುಷ್ಯರ ಕೈ ತಾಗದ ಕಾಡೊಂದು ಸಿಗಲಿ ಎಂಬುದು ಅವರ ಆಸೆಯಾಗಿತ್ತು. ಮಂತ್ರಿಯೊಬ್ಬರು ಮಕ್ಕಳನ್ನು ನೆನೆದು ಕೈಗೊಂಡ ಆ ತೀರ್ಮಾನ ನನಗೆ ಬಹಳ ಇಷ್ಟ.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. 1990ರ ದಶಕದಲ್ಲಿ ತೊಗಟೆ ಕೊರೆಯುವ ಪುಟ್ಟ ಜೀರುಂಡೆಗಳು ಹೆಚ್ಚಿ, ಸಾವಿರಾರು ಹೆಕ್ಟೇರ್ ಕಾಡು ನಿಂತಲ್ಲೇ ಒಣಗಿತು. ಸುತ್ತಲ ಊರಿನ ಎಷ್ಟೋ ಜನ ನೊಂದರು, ಸಿಟ್ಟಾದರು. ಕಾಡು ನಿಜವಾಗಿ ಹಾಳಾಯಿತೇ? ಇದನ್ನು ತಿಳಿಯಲು ವಿಜ್ಞಾನಿಗಳು ನೋಡಿದ ಜೀವಿಗಳಲ್ಲಿ ಅಣಬೆಗಳೂ ಸೇರಿದ್ದವು.

ಅಣಬೆಯೆಂದು ನಮಗೆ ಕಾಣುವುದು ಶಿಲೀಂಧ್ರದ ಒಂದು ಭಾಗ ಮಾತ್ರ. ಗಿಡಕ್ಕೆ ಹಣ್ಣು ಹೇಗೋ ಹಾಗೆ. ಉಳಿದದ್ದೆಲ್ಲ ಸಣ್ಣ ಸಣ್ಣ ಎಳೆಗಳಾಗಿ ಮರದೊಳಗೆ ಹರಡಿಕೊಂಡು ಅದನ್ನು ಕರಗಿಸಿ ತಿನ್ನುತ್ತಿರುತ್ತದೆ. ಕೆಲವು ಶಿಲೀಂಧ್ರಗಳು ಯಾವ ಮರ ಸಿಕ್ಕರೂ ಬೆಳೆಯುತ್ತವೆ. ಅವನ್ನು ಕಂಡರೆ ಕಾಡಿನ ಆರೋಗ್ಯದ ಬಗ್ಗೆ ಹೆಚ್ಚೇನೂ ತಿಳಿಯದು. ಇನ್ನು ಕೆಲವಕ್ಕೆ ಹಟ ಜಾಸ್ತಿ. ಇಂಥದ್ದೇ ಮರ, ಇಷ್ಟೇ ಕೊಳೆತಿರಬೇಕು, ತೇವ ಇರಬೇಕು ಎಂದು ಬಯಸುವ ಇವೇ ಕಾಡಿನ ಸುದ್ದಿ ಹೇಳುವ ಸೂಚಕಗಳು.

ಅಂಥ ಒಂದು ಅಣಬೆಯ ಹೆಸರು ಆಂಟ್ರೋಡಿಯೆಲ್ಲ ಸಿಟ್ರಿನೆಲ್ಲ. ಕೊಡೆಯಿಲ್ಲ, ಕಾಂಡವಿಲ್ಲ. ಮರಕ್ಕೆ ಅಂಟಿಕೊಂಡೇ ಬೆಳೆಯುತ್ತದೆ. ಬಣ್ಣ ನಿಂಬೆಹಣ್ಣಿನ ಹಳದಿ. ಸತ್ತ ಸ್ಪ್ರೂಸ್ ಸಿಕ್ಕರಷ್ಟೇ ಇದಕ್ಕೆ ಸಾಲದು. ಮೊದಲು ಅಂಚಿನಲ್ಲಿ ಕೆಂಪು ಪಟ್ಟಿಯಿರುವ ಇನ್ನೊಂದು ಶಿಲೀಂಧ್ರ ಬಂದು ಆ ಮರದಲ್ಲಿ ವಾಸಿಸಿರಬೇಕು. ಅದು ಕೆಲಸ ಮಾಡಿದ ಮರ ಕಂದು ಬಣ್ಣಕ್ಕೆ ತಿರುಗಿ, ಚೌಕಚೌಕವಾಗಿ ಬಿರಿಯುತ್ತದೆ. ಹಳದಿಯ ಸರದಿ ಆಮೇಲೆ. ಎಷ್ಟೋ ಸಲ ಇದು ಕಾಣಿಸುವುದು ಕೆಂಪು ಪಟ್ಟಿಯ ಸತ್ತ ಅಣಬೆಯ ಪಕ್ಕದಲ್ಲೇ, ಕೆಲವೊಮ್ಮೆ ಅದರ ಮೇಲೆಯೇ!

ಬಿದ್ದ ಮರಗಳನ್ನು ಆಗಾಗ ಸಾಗಿಸಿಬಿಡುವ ಕಾಡಿನಲ್ಲಿ ಈ ಸರದಿ ಪೂರ್ತಿಯಾಗುವುದಿಲ್ಲ. ಕೆಂಪು ಪಟ್ಟಿಯದು ಹೇಗೋ ಬದುಕೀತು. ಹಳದಿಗೆ ಜಾಗವೇ ಉಳಿಯದು. ಹಾಗಾಗಿಯೇ ಜರ್ಮನಿಯಲ್ಲಿ ಅದು ತೀರ ಅಪರೂಪವಾಗಿತ್ತು. ಮರಗಳನ್ನು ಬಿದ್ದಲ್ಲೇ ಬಿಟ್ಟ ಈ ಉದ್ಯಾನದಲ್ಲಿ ಅದು ಮತ್ತೆ ಹರಡಿತು. ಒಣಗಿದ ಮರಗಳ ನಡುವೆ ಎಳೆಯ ಸ್ಪ್ರೂಸ್ ಸಸಿಗಳೂ ತಾವಾಗಿಯೇ ಎದ್ದು ನಿಂತವು.

ಅಣಬೆ ನೋಡಿ ಕಾಡಿನ ಆರೋಗ್ಯ ತಿಳಿಯುವ ಈ ವಿಧಾನದಲ್ಲಿ ತಾಳ್ಮೆ ಬೇಕು. ಶಿಲೀಂಧ್ರದ ಎಳೆಗಳು ಮರದೊಳಗೆ ಇದ್ದರೂ ಆ ವರ್ಷ ಅಣಬೆ ಮೂಡದೆ ಇರಬಹುದು. ಒಮ್ಮೆ ಹೋಗಿ ನೋಡಿ ‘ಇಲ್ಲಿ ಇಲ್ಲ’ ಎಂದು ಬರೆದುಬಿಡುವಂತಿಲ್ಲ. ಒಂದೇ ಜಾತಿಯನ್ನು ನಂಬಿ ತೀರ್ಪು ಕೊಡುವಂತೆಯೂ ಇಲ್ಲ. ಅದಕ್ಕೇ ಅಣಬೆ ಹುಡುಕುವವರು ಬೇರೆ ಬೇರೆ ಋತುಗಳಲ್ಲಿ ಅದೇ ದಿಮ್ಮಿಗಳ ಬಳಿ ಹೋಗಿ, ಮಂಡಿಯೂರಿ, ಕೆಳಭಾಗವನ್ನೂ ಬಗ್ಗಿ ನೋಡುತ್ತಾರೆ.