ಮಕ್ಕಳು ಆಡುವ ಸರ್ಕಸ್ಸು

(ತೆಂಗಳಿಯಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮನೆಯಲ್ಲಿ ದಖನಿ ಮಾತಾಡುತ್ತ ಬೆಳೆದ ಮಗು ಮೊದಲ ಸಲ ಕನ್ನಡ ಶಾಲೆಗೆ ಹೋಗುತ್ತದೆ. ಗುರುಗಳು ಕೇಳಿದ್ದು ಅದಕ್ಕೆ ತಿಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು ಹಿಂದಿನ ಸಾಲಿನಲ್ಲಿ ಕೂಡುತ್ತದೆ. ಸ್ವಲ್ಪ ದಿನದಲ್ಲೇ ಅದಕ್ಕೆ 'ದಡ್ಡ' ಎಂಬ ಹೆಸರು ಅಂಟಿಕೊಳ್ಳುತ್ತದೆ. ನಿಜವಾಗಿ ಆ ಮಗು ದಡ್ಡನಲ್ಲ. ಅದಕ್ಕೆ ಮಾತು ಸಿಕ್ಕಿಲ್ಲ, ಅಷ್ಟೇ. 3ರಿಂದ 6 ವರ್ಷದೊಳಗೆ ಆ ಮಾತನ್ನು ಆಟದಲ್ಲಿಯೇ ಕೊಡಬಹುದು. ಅದಕ್ಕಾಗಿ ನಾನು ಆರಿಸಿಕೊಂಡ ಆಟ ಸರ್ಕಸ್ಸು.

1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಎಂಬ ಸವಾರ, ದುಂಡಗೆ ಓಡುವ ಕುದುರೆಯ ಮೇಲೆ ನಿಂತು ಆಟ ತೋರಿಸಿದ. ನಮ್ಮ ದೇಶದಲ್ಲಿ ವಿಷ್ಣುಪಂತ ಛತ್ರೆಯವರು 1880ರಲ್ಲಿ ಮುಂಬಯಿಯಲ್ಲಿ ಸರ್ಕಸ್ಸು ಆರಂಭಿಸಿದರು. ಅಂದಿನಿಂದಲೂ ಸರ್ಕಸ್ಸಿಗೆ ಮೊದಲು ಬೇಕಾದದ್ದು ಒಂದು ಸುತ್ತು. ಅದನ್ನು ನಮ್ಮ ಅಂಗಳದಲ್ಲೂ ಎಳೆಯಬಹುದು.

ಶಹಾಬಾದ್ ಫರ್ಸಿ ಹಾಸಿದ ಅಂಗಳವಿದ್ದರೆ ದಾರದ ಒಂದು ತುದಿಯನ್ನು ನಡುವೆ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ಸುತ್ತು ಬರೆಯಿರಿ. ಎರಡು ಫರ್ಸಿ ಕೂಡುವ ಗೆರೆಯೇ ಹಗ್ಗ. ಮಗು ಕೈ ಚಾಚಿ ಅದರ ಮೇಲೆ ನಡೆಯಲಿ. ಹಳೆಯ ಸೈಕಲ್ ಟಾಯರನ್ನು ನೆಲಕ್ಕೆ ತಾಗಿಸಿ ಹಿಡಿಯಿರಿ. ಹುಲಿಯಂತೆ ಅದರೊಳಗಿಂದ ನುಸುಳಲಿ. ಅರಿವೆಯ ಚೆಂಡು ಕಟ್ಟಿ ಬುಟ್ಟಿಗೆ ಎಸೆಯಲಿ. ಹಳೆಯ ಪೇಪರನ್ನು ಪೊಟ್ಟಣದಂತೆ ಸುತ್ತಿ ಅಂಟಿಸಿದರೆ ಜೋಕರನ ಟೊಪ್ಪಿಗೆ. ಸುಗ್ಗಿಯ ನಂತರ ಜೋಳದ ದಂಟಿನ ಬೆಂಡಿನಿಂದ ಆನೆ, ಕುದುರೆ ಮಾಡಿಸಿರಿ. ದಂಟಿನ ಸಿಪ್ಪೆ ಬೆರಳು ಕೊಯ್ಯುತ್ತದೆ. ಅದನ್ನು ದೊಡ್ಡವರೇ ಸುಲಿದು ಬೆಂಡನ್ನಷ್ಟೇ ಮಗುವಿಗೆ ಕೊಡಬೇಕು. ಹೀಗೆ ಹರಿದು, ಸುತ್ತಿ, ಒತ್ತಿ ಬಲಿತ ಬೆರಳು ನಾಳೆ ಪೆನ್ಸಿಲನ್ನೂ ಚೆನ್ನಾಗಿ ಹಿಡಿಯುತ್ತದೆ.

ಆಡಿಸುವಾಗ ಮಾತು ಮರೆಯಬೇಡಿ. ತಾಯಿ ಮೊದಲು 'ಉಪ್ಪರ್' ಎನ್ನಲಿ, ಆಮೇಲೆ 'ಮೇಲೆ' ಎನ್ನಲಿ. 'ನೀಚೆ' ಎಂದರೆ 'ಕೆಳಗೆ', 'ಅಂದರ್' ಎಂದರೆ 'ಒಳಗೆ'. ತಾಯಿಗೆ ಕನ್ನಡ ಬಾರದಿದ್ದರೆ ಶಾಲೆಗೆ ಹೋಗುವ ಆಪಾ ಹೇಳಿಕೊಡಲಿ. ಮನೆಮಾತನ್ನು ಬಿಡಬೇಕಾಗಿಲ್ಲ, ಅದರ ಕೈ ಹಿಡಿದೇ ಕನ್ನಡ ಬರುತ್ತದೆ.

ಬಾಯಿ ಬಿಡದ ಮಗುವಿಗೆ ಮೊದಲು ಜೋಕರನ ಪಾತ್ರ ಕೊಡಿರಿ. ತಪ್ಪು ಮಾಡುವುದೇ ಜೋಕರನ ಕೆಲಸ. ಆದ್ದರಿಂದ ತಪ್ಪಿದರೆ ಅಂಜಿಕೆಯಿಲ್ಲ. ಅಂಜಿಕೆ ಹೋದ ಮೇಲೆ ಅದೇ ಮಗುವನ್ನು ರಿಂಗ್ ಮಾಸ್ಟರ್ ಮಾಡಿರಿ. 'ಹಾರು', 'ನಿಲ್ಲು', 'ತಿರುಗು' ಎಂದು ಅದು ಉಳಿದವರಿಗೆ ಕನ್ನಡದಲ್ಲಿ ಹೇಳಲಿ.

ಒಂದು ಎಚ್ಚರಿಕೆ. ನಿಜವಾದ ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸಿದ್ದುಂಟು. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಅದನ್ನು ನಿಷೇಧಿಸುವಂತೆ ಕೇಂದ್ರ ಸರ್ಕಾರಕ್ಕೆ ಆದೇಶ ನೀಡಿತು. ನಮ್ಮ ಅಂಗಳದಲ್ಲೂ ಒತ್ತಾಯ ಬೇಡ. ಮಗು 'ಒಲ್ಲೆ' ಎಂದರೆ ಬಿಟ್ಟುಬಿಡಿ. ನೆಂಟರು ಬಂದಾಗ ಅವರ ಮುಂದೆ ಕುಣಿಸಬೇಡಿ.

ವಿದ್ಯಾರ್ಥಿ ಮಿತ್ರರೇ, ರವಿವಾರ ಒಂದು ತಾಸು ಕೊಡಿರಿ. ನಿಮ್ಮ ಓಣಿಯ ನಾಲ್ಕಾರು ಮಕ್ಕಳನ್ನು ಸೇರಿಸಿರಿ. ಶಾಲೆ ತೆರೆದ ದಿನ ಗುರುಗಳು ಕೇಳಿದ ಮಾತಿಗೆ ಆ ಮಕ್ಕಳಲ್ಲಿ ಒಂದು ತಲೆಯೆತ್ತಿ ಉತ್ತರ ಕೊಟ್ಟರೂ ನಮ್ಮ ಸರ್ಕಸ್ಸು ಗೆದ್ದಂತೆ.

ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ.