ಮಾಮೂಲು ಇರುವಲ್ಲಿ ಕಾನೂನು ಇಲ್ಲ
(ಲಕ್ಕೂರಿನ ಸಾರ್ವಜನಿಕ ಸಭೆಯಲ್ಲಿ ಮಾಡಿದ ಭಾಷಣ)



ಗಾಂಜಾವನ್ನು ಕಾನೂನುಬದ್ಧಗೊಳಿಸಿದರೆ ಕಾಳದಂಧೆ ನಿಲ್ಲುತ್ತದೆಂದು ವಾದಿಸುವವರಿದ್ದಾರೆ. ಈ ವಾದವನ್ನು ತೂಗಿ ನೋಡಲು ನಾವು ದೂರ ಹೋಗಬೇಕಾಗಿಲ್ಲ. ಸಾರಾಯಿ ನಮ್ಮ ನಾಡಿನಲ್ಲಿ ಕಾನೂನುಬದ್ಧವೇ ಆಗಿತ್ತು. ಹಾಗಿದ್ದೂ 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವು 300ಕ್ಕೂ ಹೆಚ್ಚು ಮಂದಿಯನ್ನು ಬಲಿ ಪಡೆಯಿತು. 2007ರ ಜುಲೈ 1ರಂದು ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಮೆಥನಾಲ್ ಬೆರೆತ ಮದ್ಯ 150ಕ್ಕೂ ಹೆಚ್ಚು ಜೀವಗಳನ್ನು ನುಂಗಿತು. ಅನುಮತಿಯಿದ್ದಾಗಲೂ ಸಾವು, ನಿಷೇಧವಿದ್ದಾಗಲೂ ಸಾವು! ಕಣ್ಣು ಮುಚ್ಚಿಕೊಳ್ಳುವವರಿಲ್ಲದೆ ವಿಷವು ಜಿಲ್ಲೆಯಿಂದ ಜಿಲ್ಲೆಗೆ ಸಾಗುವುದುಂಟೇ?

1985ರ ಮಾದಕ ವಸ್ತು ಕಾಯ್ದೆಯನ್ನೇ ನೋಡಿ. ಒಂದು ಕಿಲೋವರೆಗಿನ ಗಾಂಜಾಕ್ಕೆ ಗರಿಷ್ಠ 1 ವರ್ಷ ಸಜೆ. 20 ಕಿಲೋ ಮೀರಿದರೆ ಕನಿಷ್ಠ 10 ವರ್ಷ. ಅಂದರೆ ತೂಕ ಬರೆಯುವ ಕೈಯಲ್ಲೇ ಆರೋಪಿಯ ಭವಿಷ್ಯವಿದೆ. ಆ ಕೈ ಮಾಮೂಲಿಗೆ ಚಾಚಿದರೆ ಸಾಗಾಟಗಾರ ಮನೆಗೆ, ಸೇದಿದ ಹುಡುಗ ಜೈಲಿಗೆ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಅದೇ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಇದನ್ನು ಎಷ್ಟು ಮಂದಿ ತಾಯಂದಿರಿಗೆ ಯಾರು ತಿಳಿಸಿದ್ದಾರೆ?

ಆದ್ದರಿಂದ ಕಾನೂನು ಸಡಿಲಿಸುವುದಲ್ಲ, ಅದನ್ನು ಮಾರುವವರನ್ನು ತಡೆಯುವುದೇ ಮೊದಲ ಕೆಲಸ. ಲಂಚ ಕೊಡುವುದೂ ಅಪರಾಧ. ಆದರೆ 2018ರ ತಿದ್ದುಪಡಿಯಂತೆ, ಬಲವಂತಕ್ಕೆ ಕೊಟ್ಟವನು 7 ದಿನಗಳೊಳಗೆ ದೂರಿತ್ತರೆ ಶಿಕ್ಷೆಯಿಲ್ಲ. ಮಸೀದಿಯ ಜಮಾಅತ್, ದೇವಸ್ಥಾನದ ಸಮಿತಿ, ಮಹಿಳಾ ಸಂಘಗಳು ಒಂದಾಗಿ ವ್ಯಸನಿಯನ್ನು ಆಸ್ಪತ್ರೆಗೂ ಲಂಚದ ದೂರನ್ನು ಲೋಕಾಯುಕ್ತಕ್ಕೂ ತಲುಪಿಸಲಿ. ಕೊಡುವ ಕೈಯನ್ನು ನಾವು ಹಿಂದೆಗೆಯದಿದ್ದರೆ, ಬೇಡುವ ಕೈ ತಾನಾಗಿ ಹಿಂದೆ ಸರಿಯದು.